ಒಂದು ಹಂಗಾಮು ತಿರುಗಲಿ

ಹೊಸಪೇಟೆಯ ಕಮ್ಮಾರರ ಓಣಿಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುವವನ ಹೆಸರು ಮೂಕಣ್ಣ. ಹೆಸರಿಟ್ಟ ಹಿರಿಯರು ಏನೋ ಆಸೆಪಟ್ಟಿರಬೇಕು, ಈಡೇರಲಿಲ್ಲ. ಕಬ್ಬಿಣ ಕಾಯುವಾಗ ಮಾತು, ಆರುವಾಗ ಮಾತು. ಒಳಗೆ ಹೋಗುವ ತುತ್ತು ಹೊರಗೆ ಬರುವ ಮಾತಿಗೆ ದಾರಿ ಬಿಟ್ಟು ಬಾಯಂಚಿನಲ್ಲಿ ನಿಂತಿರಬೇಕಾಗುತ್ತಿತ್ತು. ಅರ ಹಿಡಿದು ಗಾಲಿಯ ಹಲ್ಲು ತೀಡಲು ಕೂತಾಗ ಮಾತ್ರ ಅವನು ಹೆಸರಿಗೆ ತಕ್ಕವನಾಗುತ್ತಿದ್ದ. ಆ ಹೊತ್ತಿನಲ್ಲಿ ಹೆಂಡತಿ ಹಂಪಮ್ಮನಿಗೆ ತನ್ನ ಮನೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು.

ಮನೆತನದ ಕಸುಬು ಕಬ್ಬಿನ ಗಾಣದ ಹಲ್ಲುಗಾಲಿ. ಹೊಸಪೇಟೆಯಿಂದ ಕಂಪ್ಲಿಯವರೆಗೆ ಕಾಲುವೆ ನೀರು ಹರಿದಲ್ಲೆಲ್ಲ ಕಬ್ಬು, ಕಬ್ಬಿದ್ದಲ್ಲೆಲ್ಲ ಕಬ್ಬಿಣದ ಗಾಣ, ಗಾಣವಿದ್ದಲ್ಲೆಲ್ಲ ಎತ್ತು. ಎತ್ತು ಒಂದೇ ದಿಕ್ಕಿಗೆ ಸುತ್ತುತ್ತದೆ. ಹಾಗಾಗಿ ಗಾಲಿಯ ಪ್ರತಿ ಹಲ್ಲಿನಲ್ಲೂ ಒಂದು ಕೆನ್ನೆ ಸವೆದು ಮುದುಕಿಯದಾಗುತ್ತದೆ, ಇನ್ನೊಂದು ಕೆನ್ನೆ ಮದುಮಗಳದಾಗಿಯೇ ಉಳಿಯುತ್ತದೆ. ಬೇರೆ ಊರಿನವರು ಅಂಥ ಗಾಲಿಯನ್ನು ಕರಗಿಸಲು ಹಾಕುತ್ತಿದ್ದರು. ಮೂಕಣ್ಣನ ಮನೆಯವರು ಅದನ್ನು ಬಿಚ್ಚಿ, ಮಗುಚಿ, ಸವೆಯದ ಕೆನ್ನೆ ಮುಂದಕ್ಕೆ ಬರುವಂತೆ ಕೂರಿಸಿ ಇನ್ನೊಂದು ಆಯುಷ್ಯ ಕೊಡುತ್ತಿದ್ದರು.

ಇನ್ನೊಂದು ಪದ್ಧತಿಯೂ ಇತ್ತು. ಗಾಣ ಸರಿಮಾಡಿದ ದಿನ ಕಮ್ಮಾರ ರೈತನಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ, ಹೊಗಳಿಕೆಯನ್ನು ಕೂಡ. ‘ಒಂದು ಹಂಗಾಮು ತಿರುಗಲಿ’ ಎಂದು ಅರಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಡುತ್ತಾನೆ. ಕಬ್ಬೆಲ್ಲ ಅರೆದು ಮುಗಿದು ಯುಗಾದಿ ಬಂದಾಗ ರೈತ ಬೆಲ್ಲ ಹೊತ್ತು ತಂದು ನಾಲ್ಕು ಜನರೆದುರು ‘ಇವನ ಗಾಲಿ ತಿರುಗಿತು’ ಎನ್ನಬೇಕು. ಅದಕ್ಕೂ ಮೊದಲೇ ಕೈಚಾಚಿದವನು ತನ್ನ ಕೆಲಸವನ್ನು ತಾನೇ ನಂಬದವನು ಎಂದು ಓಣಿಯ ಲೆಕ್ಕ.

ಹೊಸಪೇಟೆಗೆ ಸಕ್ಕರೆ ಕಾರ್ಖಾನೆ ಬಂತು. ಕಬ್ಬು ಗಾಡಿ ಹತ್ತಿ ಆ ಕಡೆ ತಿರುಗಿತು. ಗಾಣಗಳು ಒಂದೊಂದಾಗಿ ನಿಂತವು. ಓಣಿಯಲ್ಲಿ ಏಳು ಕುಲುಮೆ ಇದ್ದದ್ದು ಎರಡಾಯಿತು. ಸಂಡೂರಿನ ಗಣಿಯ ಲಾರಿ ಶೆಡ್ಡಿನಲ್ಲಿ ಫಿಟ್ಟರ್ ಕೆಲಸ ಖಾಲಿಯಿದೆಯೆಂದು ಕೇಳಿ ಮೂಕಣ್ಣ ಅಲ್ಲಿಗೆ ನಡೆದು ಹೋದ. ಕಚೇರಿಯ ಗುಮಾಸ್ತೆ ಪ್ರಭಂಜನರಾವ್ ಅವನನ್ನು ಕನ್ನಡಕದ ಮೇಲಿನಿಂದ ನೋಡಿದರು.

‘ಮೋಟಾರು ಕೆಲಸ ಬಲ್ಲವ ಅಂತ ಒಬ್ಬ ದೊರೆ ಇಂಗ್ಲಿಷಿನಾಗ ಬರದು ಕೊಟ್ಟಿರಬೇಕು. ಅದಿಲ್ಲಂದ್ರ ಪಟ್ಟಿಯೊಳಗ ಹೆಸರು ಏರಂಗಿಲ್ಲ.’

‘ಕೆಲಸ ಬರ್ತೈತ್ರಿ. ಚೀಟಿ ಇಲ್ಲ.’

‘ಇದರ ಉಲ್ಟಾ ಇದ್ದಿದ್ರ ನಡೀತಿತ್ತಪಾ. ಚೀಟಿ ಇದ್ದು ಕೆಲಸ ಬರದವರು ಇಲ್ಲಿ ಭಾಳ ಮಂದಿ ಇದ್ದಾರ.’ ಪ್ರಭಂಜನರಾವ್ ಕೆಟ್ಟವರಲ್ಲ. ದನಿ ತಗ್ಗಿಸಿ ಹೇಳಿದರು: ‘ಒಬ್ಬ ದೊರೆಯನ್ನ ಹಿಡಕೋ. ಯಾರಾದ್ರೂ ನಡೀತದ, ಮೋಟಾರು ಇದ್ದವ ಆಗಿರಬೇಕು. ಚೀಟಿ ಇದ್ರ ಫಿಟ್ಟರು, ಇಲ್ಲಾಂದ್ರ ಅನ್‌ಫಿಟ್ಟು.’

ಅಂದಿನಿಂದ ಮೂಕಣ್ಣನಿಗೆ ಬೇಕಾದದ್ದು ಲೋಕದಲ್ಲಿ ಒಂದೇ. ಒಂದು ಹಾಳೆ, ಅದರ ಮೇಲೆ ನಾಲ್ಕು ಸಾಲು, ಕೆಳಗೆ ಒಬ್ಬ ಬಿಳಿಯನ ರುಜು.

ದೊರೆಯೇನೋ ಇದ್ದ, ದೊರೆಯುವಷ್ಟು ಹತ್ತಿರದಲ್ಲೇ ಇದ್ದ. ಮದರಾಸಿನ ಯಾವುದೋ ಕಂಪನಿಗಾಗಿ ಅದಿರು ಕೊಳ್ಳುವ ಏಜೆಂಟ್, ಪೆಂಬರ್ಟನ್ ಎಂದು ಹೆಸರು. ಊರವರ ನಾಲಗೆಯಲ್ಲಿ ಪೆಂಬಟ್ಟಣ ದೊರೆ. ಸ್ಟೇಷನ್ ಹತ್ತಿರದ ಬಂಗಲೆಯಲ್ಲಿ ಒಬ್ಬನೇ ಇದ್ದ. ಅವನ ಹತ್ತಿರ ವಿಲಾಯಿತಿಯಿಂದ ತರಿಸಿದ ಹಸಿರು ಬಣ್ಣದ ಓಟದ ಕಾರಿತ್ತು. ಎರಡೇ ಆಸನ, ತಲೆಯ ಮೇಲೆ ಬಟ್ಟೆ, ಮೊಣಕಾಲೆತ್ತರದ ಬಾಗಿಲು. ನೆಲಕ್ಕೆ ಎಷ್ಟು ಹತ್ತಿರವೆಂದರೆ ಓಣಿಯ ನಾಯಿಗಳು ಅದನ್ನು ಸರೀಕನೆಂದೇ ತಿಳಿದು ಸಮಾನತೆಯಿಂದ ಬೊಗಳುತ್ತಿದ್ದವು. ಗೇರು ಬದಲಿಸುವ ಕೋಲು ಮಾತ್ರ ಎಲ್ಲೋ ಮುಂದೆ, ಗೇರಿನ ಹಲ್ಲುಗಾಲಿಗಳಿರುವ ಪೆಟ್ಟಿಗೆಯ ನೆತ್ತಿಯಿಂದಲೇ ಎದ್ದು ನಿಂತಿತ್ತು. ದೊರೆಗೆ ಹಿಂದಿನ ಯುದ್ಧದಲ್ಲಿ ಎಡಭುಜಕ್ಕೆ ಗುಂಡು ಬಿದ್ದು ಆ ಕೈ ಪೂರ್ತಿ ಚಾಚುತ್ತಿರಲಿಲ್ಲ. ಗೇರು ಹಾಕುವಾಗಲೆಲ್ಲ ಸೊಂಟದಿಂದಲೇ ಬಗ್ಗುತ್ತಿದ್ದ. ಪೇಟೆಯವರು ದೊರೆ ಎಷ್ಟು ವಿನಯವಂತ ಎಂದುಕೊಂಡು ತಿರುಗಿ ಕೈಮುಗಿಯುತ್ತಿದ್ದರು.

ಮೂವತ್ತೊಂಬತ್ತರ ಮಳೆಗಾಲದ ಕೊನೆಗೆ ರಾಮನದುರ್ಗದ ಏರಿನಲ್ಲಿ ದೊರೆ ಹೀಗೆ ಬಗ್ಗಿದಾಗ ಕೈ ತಪ್ಪಿತು. ಎರಡನೇ ಗೇರಿನ ಹಲ್ಲುಗಳು ಉದುರಿದವು. ಎತ್ತು ಕಟ್ಟಿ ಕಾರನ್ನು ಬಂಗಲೆಗೆ ಎಳೆದು ತಂದರು. ಹೊಸ ಗಾಲಿಗಾಗಿ ದೊರೆ ಇಂಗ್ಲೆಂಡಿಗೆ ಬರೆದ. ಸಾಮಾನು ಹಡಗು ಹತ್ತಿತೆಂದು ಒಂದು ತಂತಿ, ಹೊಸ ಯುದ್ಧದಲ್ಲಿ ಆ ಹಡಗು ಮುಳುಗಿತೆಂದು ಇನ್ನೊಂದು ತಂತಿ ಬಂತು. ಎರಡನ್ನೂ ಒಂದೇ ಪೋಸ್ಟ್‌ಮ್ಯಾನ್ ಒಂದೇ ಮುಖದಲ್ಲಿ ತಂದುಕೊಟ್ಟ.

ಮೂಕಣ್ಣ ಬಂಗಲೆಯ ಮೆಟ್ಟಿಲ ಕೆಳಗೆ ನಿಂತ.

‘ನೀನು ಕಬ್ಬು ಮನುಷ್ಯ,’ ಎಂದ ದೊರೆ. ಕನ್ನಡವನ್ನು ಅವನು ಅದಿರಿನ ಹಾಗೆ ಗಡ್ಡೆಗಡ್ಡೆಯಾಗಿ ಇಳಿಸುತ್ತಿದ್ದ.

‘ಹಲ್ಲಿನ ಮನುಷ್ಯ ರೀ. ಕಬ್ಬು ತಿನ್ನಲಿ, ರಸ್ತಾ ತಿನ್ನಲಿ, ಹಲ್ಲು ಹಲ್ಲೇ.’

‘ಮಾಡಿದರೆ ನಿನಗೆ ಏನು ಬೇಕು?’

‘ಗೇರಿನ ಪೆಟ್ಟಿಗಿ ಇವ ಮಾಡಿದ ಅಂತ ಒಂದು ಚೀಟಿ.’

‘ಅಷ್ಟೆಯಾ?’

‘ಅಷ್ಟ ರೀ.’

ದೊರೆ ಇಂಗ್ಲಿಷ್ ಮೋಟಾರು ಪತ್ರಿಕೆಯೊಂದನ್ನು ತಂದು ತೋರಿಸಿದ. ಅದರಲ್ಲಿ ಇದೇ ಜಾತಿಯ ಹೊಸ ಕಾರಿನ ಚಿತ್ರವಿತ್ತು. ಅದರ ಗೇರುಕೋಲು ಗಿಡ್ಡ, ಡ್ರೈವರನ ತೊಡೆಯ ಪಕ್ಕದಲ್ಲೇ. ಪೆಟ್ಟಿಗೆ ಮುಂದೆಲ್ಲೋ ಇದೆ, ನಡುವೆ ಉದ್ದನೆಯ ಸರಳು. ‘ಇದು ಬೇಕು. ನನ್ನ ಕೈಗೆ,’ ಎಂದು ಭುಜ ಮುಟ್ಟಿಕೊಂಡ. ಮೂಕಣ್ಣ ಚಿತ್ರವನ್ನು ನೋಡುತ್ತಾ ನಿಂತ. ಎಷ್ಟೋ ಹೊತ್ತು ಮಾತಾಡಲಿಲ್ಲ ಎಂಬುದನ್ನು ಬಂಗಲೆಯ ಬಟ್ಲರ್ ಆಮೇಲೆ ಪೇಟೆಯಲ್ಲಿ ಸುದ್ದಿಯಾಗಿ ಹೇಳಿದ.

ಪೆಟ್ಟಿಗೆ ಓಣಿಗೆ ಬಂತು. ಒಳಗಿನ ಎರಡು ಗಾಲಿಗಳ ಒಂದು ಕೆನ್ನೆ ಸವೆದಿತ್ತು, ಇನ್ನೊಂದು ಮದುಮಗಳದು. ದೊರೆಗಳ ಕಾರೂ ಎತ್ತಿನ ಹಾಗೆ ಒಂದೇ ದಿಕ್ಕಿಗೆ ದುಡಿಯುತ್ತದೆ ಎಂದು ಮೂಕಣ್ಣ ನಕ್ಕು ಅವನ್ನು ಮಗುಚಿ ಕೂರಿಸಿದ. ಹಲ್ಲುದುರಿದ ಗಾಲಿಗೆ ಮಗುಚುವ ಉಪಾಯವಿರಲಿಲ್ಲ, ಹೊಸದೇ ಆಗಬೇಕು. ಗುಜರಿಗೆ ಬಿದ್ದಿದ್ದ ಲಾರಿಯ ಮುರಿದ ಚಕ್ರದಚ್ಚಿನಿಂದ ಉಕ್ಕು ಕತ್ತರಿಸಿದ. ಉಳಿದಿದ್ದ ಒಳ್ಳೆಯ ಹಲ್ಲೊಂದರ ಅಚ್ಚನ್ನು ಮೇಣದಲ್ಲಿ ತೆಗೆದು, ತಗಡಿನಲ್ಲಿ ಅದರ ಪಡಿಯಚ್ಚು ಮಾಡಿ, ಒಂದೊಂದೇ ಹಲ್ಲು ಅರದಿಂದ ತೀಡಿದ. ಇಪ್ಪತ್ತೊಂಬತ್ತು ಹಲ್ಲು, ಇಪ್ಪತ್ತೊಂಬತ್ತು ದಿನ. ಆಮೇಲೆ ಎಲುಬಿನ ಇದ್ದಿಲು, ಹಳೇ ಚಪ್ಪಲಿಯ ತೊಗಲಿನ ಚೂರು ತುಂಬಿದ ಕಬ್ಬಿಣದ ಡಬ್ಬಿಯಲ್ಲಿ ಗಾಲಿಯನ್ನು ಹೂತು, ಮಣ್ಣು ಮೆತ್ತಿ, ಹಗಲೆಲ್ಲ ಕುಲುಮೆಯಲ್ಲಿ ಬೇಯಿಸಿ ಎಣ್ಣೆಗೆ ಹಾಕಿದ. ಮೈ ಗಟ್ಟಿ, ಹೊಟ್ಟೆ ಮೆತ್ತಗೆ ಆಗಬೇಕು; ಇಲ್ಲದಿದ್ದರೆ ಹಲ್ಲು ಗಾಜಿನಂತೆ ಸಿಡಿಯುತ್ತದೆ.

‘ಮನಿ ಅನ್ನೋದು ಸುಡುಗಾಡು ಆಗೈತಿ,’ ಎಂದಳು ಹಂಪಮ್ಮ ಮೂಗಿಗೆ ಸೆರಗು ಹಿಡಿದು. ‘ಎಲುಬು, ತೊಗಲು. ನೆರೆಮನಿಯೋರು ಯಾರು ಹೋದ್ರು ಅಂತ ಕೇಳಾಕ ಬಂದಿದ್ರು.’

‘ಫಿಟ್ಟರನ ಹೇಣ್ತಿ ಆಗಾಕ ಇಷ್ಟು ವಾಸನಿ ತಡಕೋ.’

‘ತಡಕೊಂಡೀನಿ. ಗೇರು ಅಂದ್ರ ಮಂಗಳೂರಿನಿಂದ ಬರೋ ಬೀಜ ಅಂತ ತಿಳಕೊಂಡಿದ್ದೆ. ಅದಾದ್ರ ತಿನ್ನಬಹುದಿತ್ತು.’

ನಿಜವಾದ ಕಷ್ಟ ಕೊಟ್ಟದ್ದು ದೂರದ ಕೋಲು. ಕೋಲು ಇಲ್ಲಿ, ಹಲ್ಲು ಅಲ್ಲಿ. ಇಂಥ ಏರ್ಪಾಟು ಆ ಕಾಲದ ಜನಕ್ಕೆ ಹೊಸದಲ್ಲ. ಲಂಡನ್ನಿನಲ್ಲಿ ಕೋಲು ಅಲುಗಿದರೆ ಮದರಾಸು ಅಲುಗುತ್ತಿತ್ತು, ಮದರಾಸು ಅಲುಗಿದರೆ ಬಳ್ಳಾರಿ, ಬಳ್ಳಾರಿ ಅಲುಗಿದರೆ ಹೊಸಪೇಟೆಯ ಕರಣಿಕ. ಒಂದೊಂದು ಕೀಲಿನಲ್ಲೂ ಅಷ್ಟಿಷ್ಟು ಸಡಿಲ ಇದ್ದುದರಿಂದಲೇ ಪ್ರಜೆಗಳು ಉಸಿರಾಡಿಕೊಂಡಿದ್ದರು. ಆದರೆ ಗೇರಿನಲ್ಲಿ ಸಡಿಲ ನಡೆಯದು. ಮೂರು ಕೀಲಿನ ಸಡಿಲ ಕೂಡಿದರೆ ಕೋಲು ಕುರಿಬಾಲದ ಹಾಗೆ ಆಡುತ್ತದೆ, ಮೂರನೇ ಗೇರು ಹುಡುಕಿದರೆ ಒಂದನೆಯದು ಸಿಗುತ್ತದೆ. ಮೂಕಣ್ಣ ಕೀಲುಗಳಿಗಾಗಿ ಕಂಚಿನ ಬಟ್ಟಲು, ಉಕ್ಕಿನ ಗುಂಡು ಮಾಡಿ, ಇಟ್ಟಿಗೆ ಪುಡಿ ಮತ್ತು ಎಣ್ಣೆ ಹಾಕಿ ಒಂದರೊಳಗೊಂದನ್ನು ವಾರಗಟ್ಟಲೆ ತಿರುಗಿಸಿದ. ಕೊನೆಗೆ ಗುಂಡು ಬಟ್ಟಲಿನಲ್ಲಿ ಕಣ್ಣುಗುಡ್ಡೆಯ ಹಾಗೆ ತಿರುಗಿತು. ಹೊರಗಿನ ಕವಚಕ್ಕೆ ಎರಕ ಹೊಯ್ಸಿ, ಚಿತ್ರದಲ್ಲಿದ್ದಂತೆಯೇ ಕಪ್ಪು ಬಣ್ಣ ಬಳಿದ. ಕೋಲಿನ ತುದಿಯ ಗುಂಡಿಯನ್ನೂ ಬಿಡಲಿಲ್ಲ. ಅಷ್ಟು ಚಂದ ನಕಲು ಮಾಡಬಾರದಿತ್ತು. ಅದು ಅವನಿಗೆ ಆಗ ಹೊಳೆಯಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ ದೊರೆ ಅವನನ್ನು ಪಕ್ಕದ ಆಸನದಲ್ಲಿ ಕೂರಿಸಿಕೊಂಡು ರಾಮನದುರ್ಗಕ್ಕೆ ಹೊರಟ. ಮೂಕಣ್ಣನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಕಣ್ಣು ಮುಚ್ಚಿ ಕೇಳುತ್ತಾ ಕೂತ. ದೊರೆ ಕ್ಲಚ್ಚು ಒತ್ತಿದ, ಬಿಟ್ಟ, ಮತ್ತೆ ಒತ್ತಿದ, ಕೋಲನ್ನು ಎರಡು ಬೆರಳಿನಿಂದ ಹಿಂದಕ್ಕೆಳೆದ. ಕಿರ್ರೆನ್ನಲಿಲ್ಲ. ಪೆಟ್ಟಿಗೆಯಿಂದ ಒಂದೇ ಎಳೆಯ ಹಾಡು ಬರುತ್ತಿತ್ತು. ಏರು, ತಿರುವು, ಮತ್ತೆ ಏರು. ದೊರೆ ಒಂದು ಸಲವೂ ಬಗ್ಗಲಿಲ್ಲ. ಬೆಟ್ಟದ ನೆತ್ತಿಗೆ ಬಂದು ನಿಲ್ಲಿಸಿದಾಗ ಅವನ ಕಣ್ಣು ಒದ್ದೆಯಾಗಿತ್ತು. ಗಾಳಿಗಿರಬಹುದು.

ಅವನು ಜೇಬಿನಿಂದ ಹಾಳೆ ತೆಗೆದು ಬಾನೆಟ್ಟಿನ ಮೇಲೆ ಹಾಸಿದ. ಪೆನ್ನಿನ ಟೊಪ್ಪಿಗೆ ಬಿಚ್ಚಿದ. ‘ನಿನ್ನ ಚೀಟಿ,’ ಎಂದ.

ಮೂಕಣ್ಣ ಆ ಬಿಳಿ ಹಾಳೆಯನ್ನು ನೋಡಿದ. ಅಪ್ಪ, ಅಜ್ಜ, ಅವರಪ್ಪ, ಯಾರೂ ಸರಿಮಾಡಿದ ದಿನ ಕೈಚಾಚಿರಲಿಲ್ಲ.

‘ಈಗ ಬ್ಯಾಡ್ರಿ ದೊರೆ. ಒಂದು ಹಂಗಾಮು ತಿರುಗಲಿ. ಯುಗಾದಿ ಆದಮ್ಯಾಲೆ ನಾನೇ ಬರ್ತೀನಿ.’

ದೊರೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮೂಕಣ್ಣನ ಕೈ ಕುಲುಕಿದ. ನನ್ನ ದೇಶದಲ್ಲಿ ಹೀಗೆ ಹೇಳುವ ಮೆಕ್ಯಾನಿಕ್ ಇಲ್ಲ ಎಂದ. ಪೆನ್ನಿಗೆ ಟೊಪ್ಪಿಗೆ ಹಾಕಿದ.

ಮನೆಯಲ್ಲಿ ಹಂಪಮ್ಮ ರೊಟ್ಟಿ ಬಡಿಯುತ್ತಿದ್ದಳು. ಕೇಳಿ ಕೈ ನಿಲ್ಲಿಸಿದಳು.

‘ಪೆನ್ನು ತೆರೆದಿದ್ದನಾ?’

‘ತೆರೆದಿದ್ದ.’

‘ಹಾಳಿ ಹಾಸಿದ್ದನಾ?’

‘ಹಾಸಿದ್ದ. ಕೈ ಕುಲುಕಿದ ಗೊತ್ತೇನು. ನಮ್ಮ ದೇಶದಾಗ ಇಂಥೋರು ಇಲ್ಲ ಅಂದ.’

‘ಇದ್ದಿದ್ರ ಅವರೂ ಉಪವಾಸ ಬಿದ್ದಿರ್ತಿದ್ರು,’ ಎಂದು ಹಂಪಮ್ಮ ಮತ್ತೆ ಬಡಿಯತೊಡಗಿದಳು. ಆ ದಿನದ ರೊಟ್ಟಿ ಬಹಳ ತೆಳ್ಳಗೆ ಬಂದವು.

ಹಂಗಾಮು ತಿರುಗಿತು. ಸಂಡೂರಿನ ಕೆಲಸ ಇನ್ನೂ ಖಾಲಿಯೇ ಇತ್ತು. ಪ್ರಭಂಜನರಾವ್ ಎರಡು ಸಲ ಹೇಳಿ ಕಳಿಸಿದರು. ಮೂಕಣ್ಣ ಕಂಪ್ಲಿ ಕಡೆ ಉಳಿದಿದ್ದ ಮೂರು ಗಾಣ ನೋಡಿಕೊಂಡಿದ್ದ. ಆಗಾಗ ರಸ್ತೆಯಲ್ಲಿ ಹಸಿರು ಕಾರು ಹೋಗುತ್ತಿತ್ತು. ಕಬ್ಬಿನ ಗದ್ದೆಯ ನಡುವೆ ನಿಂತು ಕಿವಿಗೊಡುತ್ತಿದ್ದ. ಅದೇ ಒಂದೆಳೆಯ ಹಾಡು.

ಯುಗಾದಿಯಾದ ಮೂರನೇ ದಿನ ಮಡಿಯ ಧೋತರ ಉಟ್ಟು ಬಂಗಲೆಗೆ ಹೋದ. ಜಗಲಿಯ ತುಂಬ ಮರದ ಪೆಟ್ಟಿಗೆಗಳು. ದೊರೆ ಪಲ್ಟನ್ನಿನ ಕಚೇರಿ ಕೆಲಸಕ್ಕೆ ಸೇರಿ ನಾಳೆಯೇ ಗುಂತಕಲ್ಲಿನ ರೈಲು ಹತ್ತುವವನಿದ್ದ. ಕಾರಿನ ಷೆಡ್ಡು ಖಾಲಿ.

‘ಗಾಡಿ ಎಲ್ಲಿ ರೀ?’

‘ಮಾರಿದೆ.’ ದೊರೆ ಅವನ ಮುಖ ನೋಡಲಿಲ್ಲ. ಪೆಟ್ಟಿಗೆಯೊಂದಕ್ಕೆ ಹಗ್ಗ ಬಿಗಿಯುತ್ತಿದ್ದ, ಬಿಗಿದದ್ದನ್ನೇ ಮತ್ತೆ ಬಿಗಿದ.

‘ಚೀಟಿ...’

ದೊರೆ ಒಳಗೆ ಹೋದ. ತಡವಾಗಿ ಹೊರಬಂದ. ಹಾಳೆಯ ಮೇಲೆ ನಾಲ್ಕು ಸಾಲು, ಕೆಳಗೆ ಉದ್ದನೆಯ ರುಜು. ಈ ಸಲ ಕೈ ಕುಲುಕಲಿಲ್ಲ. ಮೂಕಣ್ಣ ಅದನ್ನು ಕಣ್ಣಿಗೊತ್ತಿಕೊಂಡು ಸಂಡೂರಿಗೆ ಹೊರಟ. ಹದಿನೆಂಟು ಮೈಲಿ ದಾರಿಯಲ್ಲಿ ಎದುರಾದವರಿಗೆಲ್ಲ ಹೇಳುತ್ತಾ ಹೋದ.

ಪ್ರಭಂಜನರಾವ್ ಓದಿದರು. ಇನ್ನೊಂದು ಸಲ ಓದಿದರು. ಹಾಳೆಯ ಹಿಂಬದಿ ತಿರುಗಿಸಿ ಅಲ್ಲೇನಾದರೂ ಇದೆಯೋ ನೋಡಿದರು.

‘ಓದ್ರಿ ಸ್ವಾಮಿ, ಗಟ್ಟಿಯಾಗಿ.’

‘ಈ ಮೂಕಣ್ಣ ಪ್ರಾಮಾಣಿಕ. ಕುಡಿಯೋದಿಲ್ಲ. ಹೇಳಿದ ಹೊತ್ತಿಗೆ ಬರ್ತಾನ. ನನ್ನ ಮೋಟಾರನ್ನ ಭಾಳ ಶುಚಿಯಾಗಿ ಒರೆಸಿ, ತೊಳೆದು, ಎಣ್ಣಿ ಹಾಕಿ ಇಟ್ಟಿದ್ದ. ಕ್ಲೀನರ್ ಕೆಲಸಕ್ಕ ಇವನಂಥವ ಸಿಗೋದು ಕಷ್ಟ.’

‘ಗೇರಿಂದು?’

‘ಗೇರಿನ ಮಾತಿಲ್ಲ.’

ಮೂಕಣ್ಣ ಹಾಳೆಯನ್ನು ತಾನೇ ಇಸಿದುಕೊಂಡು ನೋಡಿದ, ಓದಲು ಬಾರದಿದ್ದರೂ. ಪ್ರಭಂಜನರಾವ್ ಮೂಗು ತಿಕ್ಕಿಕೊಂಡು ಹೇಳಿದರು: ‘ಕಾರು ಕಂಪ್ಲಿಯ ಕೊಟ್ರಬಸಪ್ಪ ತಗೊಂಡಾನ. ಅಕ್ಕಿ ಗಿರಣಿಯವ. ಗೇರು ವಿಲಾಯ್ತಿದಂತ ದೊರೆ ಮಾತು ಕೊಟ್ಟಾನಂತ. ಅದರ ಮ್ಯಾಲೆ ವ್ಯಾಪಾರ ಆಗೇದ. ಮಾರಿದ ಬಾಯಿಲೆ ಇನ್ನ ನಿನ್ನ ಹೆಸರು ಬರದು ಹ್ಯಾಂಗ ಕೊಡ್ತಾನ? ಡಿಸೆಂಬರಿನಾಗ ಇಸಗೊಂಡಿದ್ರ...’

ದೊರೆ ಸುಳ್ಳು ಬರೆದಿರಲಿಲ್ಲ. ಮೂಕಣ್ಣ ಕಾರನ್ನು ಒರೆಸಿದ್ದೂ ನಿಜ, ಎಣ್ಣೆ ಹಾಕಿದ್ದೂ ನಿಜ. ನಾಲ್ಕು ಸಾಲಿನಲ್ಲಿ ಮೂಕಣ್ಣನನ್ನು ಅತ್ಯಂತ ಕ್ಲೀನಾಗಿ ಕ್ಲೀನರ್ ಮಾಡಿಬಿಟ್ಟಿದ್ದ.

ಮರುದಿನ ಮೂಕಣ್ಣ ಕಂಪ್ಲಿಗೆ ಹೋದ. ಕೊಟ್ರಬಸಪ್ಪ ಗಿರಣಿಯ ಅಂಗಳದಲ್ಲಿ ಕಾರಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಹೊಸ ಸೊಸೆಯನ್ನು ನೋಡಲು ಬಂದವರಂತೆ ಜನ ಬಂದು ಹೋಗುತ್ತಿದ್ದರು.

‘ಇದರ ಗೇರು ನಾನು ಮಾಡಿದ್ದು ಸಾವ್ಕಾರ್ರೇ. ಕೋಲೂ ನಂದೇ.’

ಕೊಟ್ರಬಸಪ್ಪ ಸಿಟ್ಟಾಗಲಿಲ್ಲ. ಅದೇ ಕೆಟ್ಟದ್ದಾಯಿತು. ದೊರೆ ಕೊಟ್ಟುಹೋಗಿದ್ದ ಪತ್ರಿಕೆಯನ್ನು ಒಳಗಿನಿಂದ ತರಿಸಿ ತೊಡೆಯ ಮೇಲೆ ಬಿಡಿಸಿದ.

‘ಬಾರಪ್ಪ ಇಲ್ಲಿ. ಇದು ಇಂಗ್ಲೆಂಡಿನಾಗ ಅಚ್ಚಾಗಿದ್ದು. ಈ ಕೋಲು ನೋಡು. ಆ ಕೋಲು ನೋಡು. ಒಂದು ಕೂದಲು ಫರಕ್ ಐತೇನು?’

‘ಅದನ್ನ ನೋಡೇ ಮಾಡಿದ್ದು ರೀ.’

‘ಹೌದೌದು. ಹಂಪಿ ಗುಡಿನೂ ಫೋಟೋ ನೋಡೇ ಕಟ್ಟಿರಬೇಕು.’ ಸುತ್ತಲಿದ್ದವರು ನಕ್ಕರು.

‘ಬಿಚ್ಚಿ ನೋಡ್ರಿ. ಒಳಗ ಎರಡು ಗಾಲಿ ಮಗುಚಿ ಕುಂದ್ರಿಸೀನಿ. ವಿಲಾಯ್ತಿಯೋರು ಹಂಗ ಕುಂದ್ರಸಂಗಿಲ್ಲ. ಬಿಚ್ಚಿದ್ರ ಗೊತ್ತಾಗ್ತೈತಿ.’

‘ಚಲೋ ಓಡೋ ಪೆಟ್ಟಿಗಿ ಯಾರಾದ್ರೂ ಬಿಚ್ತಾರೇನೋ? ಕೆಡ್ಲಿ. ಕೆಟ್ಟ ದಿನ ನಿನ್ನನ್ನ ಕರಸ್ತೀನಿ, ನಿನ್ನ ಮುಂದನೇ ಬಿಚ್ಚಸ್ತೀನಿ. ನೀ ಅಂದಂಗ ಇದ್ರ ಕನ್ನಡದಾಗ, ಇಂಗ್ಲಿಷಿನಾಗ, ಬೇಕಂದ್ರ ತೆಲುಗಿನಾಗ ಬರಸಿ ಕೊಡ್ತೀನಿ. ಆತಲ್ಲ? ಮಜ್ಜಿಗಿ ಕುಡದು ಹೋಗು.’

ಮಜ್ಜಿಗೆ ಕುಡಿದ. ಬಿಸಿಲಿತ್ತು.

ಅವನ ಸಾಕ್ಷಿ ಪೆಟ್ಟಿಗೆಯ ಒಳಗಿತ್ತು. ಪೆಟ್ಟಿಗೆ ಕೆಟ್ಟರೆ ಅದು ಹೊರಗೆ ಬರುತ್ತಿತ್ತು. ಕೆಡದ ಹಾಗೆ ಅವನೇ ಮಾಡಿದ್ದ.

ಸಂಡೂರಿನ ಶೆಡ್ಡಿನಲ್ಲಿ ಕ್ಲೀನರ್ ಆಗಿ ಸೇರಿದ. ಫಿಟ್ಟರ್ ಕುರ್ಚಿಗೆ ಗೋಪೀನಾಥ ಎಂಬವನು ಮೂರು ದೊರೆಗಳ ಮೂರು ಚೀಟಿ ಹಿಡಿದು ಬಂದ. ಮೆದು ಸ್ವಭಾವದವನು, ಕೈಗೆ ಮಸಿ ಹತ್ತಿದರೆ ಅನ್ನ ಸೇರುತ್ತಿರಲಿಲ್ಲ. ಲಾರಿಯ ಪೆಟ್ಟಿಗೆ ಬಿಚ್ಚಿ ಹರಡಿದ ಮೇಲೆ ಆಕಾಶ ನೋಡುತ್ತಾ ‘ಏನಂತೀಯೋ ಮೂಕಣ್ಣ’ ಎನ್ನುತ್ತಿದ್ದ. ಮೂಕಣ್ಣ ಲಾರಿ ತೊಳೆಯುತ್ತಲೇ ಹೇಳುತ್ತಿದ್ದ. ಮೊದಮೊದಲು ಉದ್ದವಾಗಿ, ಆಮೇಲೆ ಚಿಕ್ಕದಾಗಿ. ಬರುಬರುತ್ತಾ ಬೆರಳು ತೋರಿಸಿದರೆ ಸಾಕಾಗುತ್ತಿತ್ತು. ಹಿರಿಯರು ಇಟ್ಟ ಹೆಸರು ಐವತ್ತನೇ ವಯಸ್ಸಿಗೆ ಅವನಿಗೆ ಹೊಂದಿಕೊಂಡಿತು.

ಗಣಿಯ ಕೂಲಿಗಳಿಗೆ ಅಕ್ಕಿ ಒದಗಿಸುವ ಗುತ್ತಿಗೆ ಕೊಟ್ರಬಸಪ್ಪನಿಗೆ ಸಿಕ್ಕಿತ್ತು. ಯುದ್ಧದ ಕಾಲದಲ್ಲೂ ಪೆಟ್ರೋಲ್ ಸಿಗುವ ಭಾಗ್ಯವಂತ. ತಿಂಗಳಿಗೊಮ್ಮೆ ಹಸಿರು ಕಾರು ಸಂಡೂರಿಗೆ ಬರುತ್ತಿತ್ತು. ಅದರ ಸದ್ದು ಶೆಡ್ಡಿನಲ್ಲಿ ಮೂಕಣ್ಣನಿಗೆ ಮೊದಲು ಕೇಳುತ್ತಿತ್ತು. ಕಿವಿ ತಾನಾಗಿ ನೆಟ್ಟಗಾಗುತ್ತಿತ್ತು. ಒಂದು ಬಿರುಕು, ಒಂದು ತೊದಲು, ಒಂದು ಕಿರ್ರ್. ಅದಕ್ಕಾಗಿ ಕಾಯುವುದು ತನ್ನ ಮಗು ಜ್ವರದಲ್ಲಿ ಮಲಗಿ ಮತ್ತೆ ಏಳದಿರಲಿ ಎಂದು ಕಾಯುವ ಹಾಗೆ ಅನ್ನಿಸುತ್ತಿತ್ತು. ಆದರೂ ಕಾಯುತ್ತಿದ್ದ.

ನಲವತ್ತಮೂರರ ಬೇಸಿಗೆಯಲ್ಲಿ ಕಾರು ಬಂದಾಗ ಆ ಹಾಡಿನ ಕೆಳಗೆ ಇನ್ನೊಂದು ಸಣ್ಣ ದನಿ ಇತ್ತು. ಒಣಗಿದ ಗಂಟಲಿನ ದನಿ. ಬೇರೆ ಯಾರಿಗೂ ಕೇಳುವಂಥದ್ದಲ್ಲ.

ಕೊಟ್ರಬಸಪ್ಪ ಕಾರನ್ನು ಶೆಡ್ಡಿನ ನೆರಳಿಗೆ ಬಿಟ್ಟು ‘ಒರಸೋ, ಧೂಳು ಭಾಳ ಆಗೈತಿ’ ಎಂದು ಕಚೇರಿಗೆ ಹೋದ. ಗೋಪೀನಾಥ ಊಟಕ್ಕೆ ಹೋಗಿದ್ದ. ಮೂಕಣ್ಣ ನೆಲದ ಹಲಗೆ ಎತ್ತಿ, ಪೆಟ್ಟಿಗೆಯ ಎಣ್ಣೆಬಾಯಿ ಬಿಚ್ಚಿ, ಒಳಗೆ ಕಡ್ಡಿ ಬಿಟ್ಟು ನೋಡಿದ. ಕಡ್ಡಿಯ ತುದಿ ಮಾತ್ರ ಒದ್ದೆ. ಮೂರು ವರ್ಷ ಯಾರೂ ಎಣ್ಣೆ ಹಾಕಿರಲಿಲ್ಲ. ಹೀಗೇ ಬಿಟ್ಟರೆ ಇನ್ನು ಎಂಟು ದಿನ, ಹೆಚ್ಚೆಂದರೆ ಹತ್ತು. ಕಂಪ್ಲಿಯ ದಾರಿಯಲ್ಲಿ ಎಲ್ಲೋ ಪೆಟ್ಟಿಗೆ ಹಿಡಿದುಕೊಳ್ಳುತ್ತದೆ. ಬಿಚ್ಚಿಸುತ್ತಾರೆ. ಮಗುಚಿದ ಗಾಲಿಗಳು ಬಿಸಿಲಿಗೆ ಬರುತ್ತವೆ. ಸಾವ್ಕಾರ ನಾಲ್ಕು ಜನರೆದುರು ಕೊಟ್ಟ ಮಾತಿದೆ. ಏನೂ ಮಾಡಬೇಕಾಗಿರಲಿಲ್ಲ. ಬಾಯಿ ಮುಚ್ಚಿ ಹಲಗೆ ಇಟ್ಟು ದೀಪ ಒರೆಸಿದರೆ ಸಾಕಿತ್ತು.

ಬಾಯಿ ಮುಚ್ಚಿದ. ಹಲಗೆ ಇಟ್ಟ. ಬಟ್ಟೆ ತೆಗೆದುಕೊಂಡು ಒಂದು ದೀಪ ಒರೆಸಿದ. ಎರಡನೆಯದನ್ನು ಅರ್ಧ ಒರೆಸಿದ. ಒಳಗಿರುವುದು ಇಪ್ಪತ್ತೊಂಬತ್ತು ಹಲ್ಲು, ಒಂದೊಂದಕ್ಕೆ ಒಂದೊಂದು ದಿನ. ಒಣ ಪೆಟ್ಟಿಗೆಯಲ್ಲಿ ಅವು ಹೇಗೆ ನೀಲಿಗಟ್ಟಿ, ಹೇಗೆ ಒಂದರ ಮೇಲೊಂದು ಒರಗಿ ಹೋಗುತ್ತವೆ ಎಂಬುದನ್ನು ಅವನಷ್ಟು ಬಲ್ಲವರು ಆ ಜಿಲ್ಲೆಯಲ್ಲಿರಲಿಲ್ಲ.

ತನ್ನನ್ನೇ ಹೊಲಸು ಮಾತಿನಲ್ಲಿ ಬೈದುಕೊಳ್ಳುತ್ತಾ ಕಂಪನಿಯ ಎಣ್ಣೆಯ ಡಬ್ಬಿ ತಂದ. ಹಲಗೆ ಎತ್ತಿದ. ಗಂಟಲು ತುಂಬುವವರೆಗೆ ಹೊಯ್ದ.

ಕೊಟ್ರಬಸಪ್ಪ ಬಂದು ಕೂತ. ಕಾರು ಚಾಲೂ ಮಾಡಿ, ಎರಡು ಬೆರಳಿನಿಂದ ಕೋಲನ್ನು ಒಂದನೇ ಗೇರಿಗೆ ಎಳೆದ. ಒಣ ದನಿ ಹೋಗಿತ್ತು. ಏನೋ ನೆನಪಾದವನಂತೆ ಕ್ಲೀನರನ ಕಡೆ ತಿರು‌ಗಿದ.

‘ಲೇ, ನೀನಲ್ಲೇನು ಅವತ್ತು ಬಂದಿದ್ದಾವ? ಮೂರು ವರ್ಷ ಆತು ನೋಡು. ಒಂದು ದಿನ ಕೆಟ್ಟಿಲ್ಲ, ನಾನು ಒಂದು ಹನಿ ಎಣ್ಣಿ ಹಾಕಿಲ್ಲ. ವಿಲಾಯ್ತಿ ಮಾಲು ಅಂದ್ರ ಇದು.’

‘ಹೌದ್ರಿ,’ ಎಂದ ಮೂಕಣ್ಣ.

ಅವನ ಕೈಯಲ್ಲಿ ಎಣ್ಣೆಯ ಡಬ್ಬಿ ಇತ್ತು. ಕೊಟ್ರಬಸಪ್ಪ ಅದನ್ನು ನೋಡಿದ. ಡಬ್ಬಿ ಹಿಡಿದಿರುವುದು ಕ್ಲೀನರನ ಕೆಲಸವಾದ್ದರಿಂದ ಏನೂ ಕೇಳದೆ ಗೇಟಿನ ಕಡೆ ಹೊರಟ.